ಪಿಕೆಟ್ ಮನೆಯ ಮತದಾನ

1855ರ ಮಾರ್ಚ್ ತಿಂಗಳ ಕೊನೆಯ ಶುಕ್ರವಾರ, ಇನ್ನೂ ರಾಜ್ಯವಾಗಿರದ ಕ್ಯಾನ್ಸಸ್‌ನಲ್ಲಿ ಮೊದಲ ಶಾಸನಸಭೆಗೆ ಚುನಾವಣೆ ನಡೆಯಿತು. ನದಿಯಾಚೆ, ಗುಲಾಮಗಿರಿಯಿದ್ದ ಮಿಸೌರಿ ರಾಜ್ಯದಿಂದ ಗಾಡಿ ಕಟ್ಟಿಕೊಂಡು ಬಂದ ಗಂಡಸರು ಗುರುತಿಗೆಂದು ಅಂಗಿಯ ಗುಂಡಿಗೆ ಸೆಣಬಿನ ಎಳೆ ಸಿಕ್ಕಿಸಿಕೊಂಡು, ಸಾಲಾಗಿ ನಿಂತು ಮತ ಹಾಕಿದರು. ಹೊಳೆದಂಡೆಯಲ್ಲಿ ಅಡುಗೆ ಮಾಡಿಕೊಂಡು ಉಂಡು, ಮಾರನೆಯ ದಿನ ತಮ್ಮ ಊರಿಗೆ ಹಿಂದಿರುಗಿದರು. ಈ ನೆಲದಲ್ಲೇ ಮನೆ ಕಟ್ಟಿಕೊಂಡಿದ್ದ ಏಸಾ ಪಿಕೆಟ್‌ನನ್ನು ಮತಪೆಟ್ಟಿಗೆಯ ಹತ್ತಿರಕ್ಕೂ ಬಿಡಲಿಲ್ಲ. ಹಾಗೆ ಆರಿಸಿಬಂದ ಸಭೆ, ಕ್ಯಾನ್ಸಸ್‌ನಲ್ಲಿ ಮನುಷ್ಯರನ್ನು ಕೊಂಡು ಇಟ್ಟುಕೊಳ್ಳಬಹುದು ಎಂದು ಕಾನೂನು ಮಾಡಿತು. ಇಟ್ಟುಕೊಳ್ಳಬಾರದು ಎಂದು ಬಾಯಿಬಿಟ್ಟು ಹೇಳಿದವನಿಗೆ ಜೈಲು ಎಂದೂ ಮಾಡಿತು.

ಆ ಶುಕ್ರವಾರ ಪಿಕೆಟ್ ಮನೆಯ ಊಟದ ಮೇಜು ಬಿಟ್ಟು ಏಳಲೇ ಇಲ್ಲ. ನವೆಂಬರ್ ಬಂದು, ಬೆಳಗಾಗುವಷ್ಟರಲ್ಲಿ ನೀರಿನ ತೊಟ್ಟಿಯ ಮೇಲೆ ಮಂಜುಗಡ್ಡೆ ಕಟ್ಟತೊಡಗಿದಾಗಲೂ ಏಸಾ ರೊಟ್ಟಿ ಮುರಿಯುವ ಮೊದಲು ಅದನ್ನೇ ಎತ್ತುತ್ತಿದ್ದ.

“ಹೊರಗಿನೋರು ಬಂದು ನನ್ನ ನೆಲದ ಹಣೆಬರಹ ಬರೆದು ಹೋದ್ರು. ಇಲ್ಲಿರೋನನ್ನ ಒಂದು ಮಾತು ಕೇಳ್ಲಿಲ್ಲ.”

“ಅವರು ಕೇಳ್ಲಿಲ್ಲ, ನಾವು ದಿನಾ ಕೇಳ್ತಿದ್ದೀವಿ,” ಎಂದಳು ಅವನ ತಾಯಿ ಕೆಜಾಯಾ ಮುದುಕಿ, ಬಾಯಿಂದ ಪೈಪು ತೆಗೆಯದೆ. “ಅಂಬಲಿ ಆರಿಹೋಗತ್ತೆ, ಕುಡಿಯೋ.”

ಒಲೆಯ ಮುಂದೆ ಕೂತು ಮುಸುಕಿನ ಜೋಳದ ರೊಟ್ಟಿ ತಿರುವುತ್ತಿದ್ದ ಡಾರ್ಕಸ್ ನಕ್ಕಳು. ಕೊನೆಯ ರೊಟ್ಟಿ ಬೆಂದ ಮೇಲೆ ಅವಳೂ ಎದ್ದು ಬಂದು ಮಗ ಜೋಥಮ್‌ನ ಪಕ್ಕದಲ್ಲಿ, ಅದೇ ಮೇಜಿಗೆ ಕೂತಳು. ಕರಿಯರು ಬೇರೆ, ಬಿಳಿಯರು ಬೇರೆ ಎಂದು ಎರಡು ಸಲ ಊಟಕ್ಕಿಡುವ ಸೋಗು ಕೆಜಾಯಾ ಬದುಕಿರುವ ತನಕ ಆ ಮನೆಯಲ್ಲಿ ನಡೆಯುವಂತಿರಲಿಲ್ಲ.

ಡಾರ್ಕಸ್ ಆ ಮನೆಯ ಕೆಲಸದವಳಲ್ಲ. ಇಂಡಿಯಾನಾದಲ್ಲಿ ಎರಡು ಮನೆಯವರೂ ಒಂದೇ ಬೇಲಿಯ ಆಚೆ ಈಚೆ ಇದ್ದವರು. ಅವಳು ಹುಟ್ಟಿದ್ದೇ ಸ್ವತಂತ್ರಳಾಗಿ. ಅವಳ ತಾಯಿಯೂ ಹಾಗೆಯೇ. ಆದರೆ ಇಂಡಿಯಾನಾ ಒಂದು ಕಾನೂನು ಮಾಡಿತು: ಹೊರಗಿನ ಕರಿಯರು ಯಾರೂ ಇನ್ನು ರಾಜ್ಯದೊಳಗೆ ಕಾಲಿಡುವಂತಿಲ್ಲ. ಒಹಾಯೊದಲ್ಲಿದ್ದ ಡಾರ್ಕಸ್‌ಳ ತಂಗಿಗೆ ಅಕ್ಕನ ಗಂಡ ಸತ್ತಾಗ ಮಣ್ಣಿಗೆ ಬರಲಾಗಲಿಲ್ಲ. ಜೋಥಮ್ ಒಹಾಯೊದಲ್ಲೇ ಒಂದು ಹುಡುಗಿಯನ್ನು ನೋಡಿಕೊಂಡಿದ್ದ. ಅವಳನ್ನು ಮದುವೆಯಾಗಿ ಮನೆಗೆ ಕರೆತಂದರೆ ಆ ಮದುವೆಯೇ ಅಪರಾಧ. ಅದೇ ಹೊತ್ತಿಗೆ ಏಸಾ ಕ್ಯಾನ್ಸಸ್‌ಗೆ ಹೊರಟಿದ್ದ, ಆದರೆ ಅವನಿಗೆ ಎತ್ತಿರಲಿಲ್ಲ. ಡಾರ್ಕಸ್‌ಗೆ ಎತ್ತಿದ್ದವು, ಕರಿಯಳೆಂದು ಸರ್ಕಾರದ ಭೂಮಿ ಅವಳ ಹೆಸರಿಗೆ ಸಿಗುವಂತಿರಲಿಲ್ಲ. ಕೆಜಾಯಾಳ ಜಗಲಿಯ ಮೇಲೆ ಕೂತು ಮಾತಾಯಿತು. ಡಾರ್ಕಸ್‌ಳ ಎತ್ತು ಗಾಡಿ ಎಳೆಯುವುದು, ಹುಲ್ಲುಗಾವಲಿನ ನೆಲ ಸೀಳುವುದು. ಭೂಮಿ ಏಸಾನ ಹೆಸರಲ್ಲಿ. ಹಳ್ಳದಾಚೆಯ ಇಪ್ಪತ್ತು ಎಕರೆ ಡಾರ್ಕಸ್‌ಳದು. ಏಸಾ ಅವಳ ಕೈಯಲ್ಲಿ ಕೈಯಿಟ್ಟು ಹೇಳಿದ್ದ.

ಬಂದ ವರ್ಷವೇ ಹಳ್ಳದಾಚೆ ನಾಲ್ಕು ಮರದ ದಿಮ್ಮಿ ಚೌಕವಾಗಿ ಹಾಸಿದರು. ಹಾಗೆ ಹಾಸಿದ ಜಾಗಕ್ಕೆ ಬೇರೆಯವರು ಬರಬಾರದೆಂಬುದು ಅಲ್ಲಿಯ ಕಟ್ಟಳೆ. ಈ ವರ್ಷ ಗೋಡೆ ಎದ್ದಿತ್ತು, ಚಾವಣಿ ಅರ್ಧ ಬಾಕಿಯಿತ್ತು. ಅಲ್ಲಿಯ ತನಕ ತಾಯಿ ಮಗ ಪಿಕೆಟ್ ಮನೆಗೆ ತಗುಲಿಸಿದ ಇಳಿಮಾಡಿನ ಕೋಣೆಯಲ್ಲಿ ಮಲಗುತ್ತಿದ್ದರು.

“ಈ ಸಲ ನಾವೇ ಚುನಾವಣೆ ಮಾಡ್ತೀವಿ,” ಎಂದ ಏಸಾ ಆ ದಿನ. “ಗುಲಾಮಗಿರಿ ಬೇಡ ಅನ್ನೋರೆಲ್ಲ ಸೇರಿ ನಮ್ಮದೇ ಸಂವಿಧಾನ ಬರೆದಿದ್ದಾರೆ. ಡಿಸೆಂಬರ್ ಹದಿನೈದಕ್ಕೆ ಮತ. ನಮ್ಮ ಕಡೆಯೋರ ಪೆಟ್ಟಿಗೆ ಎಲ್ಲಿಡ್ತಾರೆ ಹೇಳಿ?”

“ಚರ್ಚಿಲ್ಲ, ಶಾಲೆಯಿಲ್ಲ,” ಎಂದಳು ಅವನ ಹೆಂಡತಿ ಲವೀನಾ. “ನಮ್ಮ ಮನೇಲಿ ಅಂತ ಒಪ್ಕೊಂಡು ಬಂದಿರ್ತೀರ.”

“ಒಪ್ಕೊಂಡೆ.”

“ಅಂದ್ರೆ ಬಂದೋರಿಗೆಲ್ಲ ಊಟ.”

“ಪದ್ಧತಿ ಅಲ್ವೇನೆ. ಪೆಟ್ಟಿಗೆ ಇಟ್ಟ ಮನೆಯೋರೇ ಹಾಕಬೇಕು.”

ಲವೀನಾ ಡಾರ್ಕಸ್ ಕಡೆ ನೋಡಿದಳು. ಡಾರ್ಕಸ್ ಆಗಲೇ ಮನಸ್ಸಿನಲ್ಲಿ ಕುಂಬಳಕಾಯಿ ಎಣಿಸುತ್ತಿದ್ದಳು. “ಗುಲಾಮಗಿರಿ ಬೇಡ ಅನ್ನೋಕೆ ಬರೋರಿಗೆ ತಾನೆ,” ಎಂದಳು. “ಹೊಟ್ಟೆ ತುಂಬ ಹಾಕೋಣ ಬಿಡು.”

*

ಆದರೆ ಡಿಸೆಂಬರ್‌ಗೆ ಮೊದಲೇ ಮಿಸೌರಿಯವರು ಮತ್ತೆ ಬಂದರು, ಈ ಸಲ ಬಂದೂಕು ಹಿಡಿದು. ಲಾರೆನ್ಸ್ ಊರಿನ ಸುತ್ತ ವಾಕರೂಸಾ ಹಳ್ಳದುದ್ದಕ್ಕೂ ಬೀಡುಬಿಟ್ಟು, ಗುಲಾಮಗಿರಿಯ ವಿರೋಧಿಗಳ ಆ ಊರನ್ನು ಸುಡುತ್ತೇವೆ ಎಂದರು. ಏಸಾ ಮತ್ತು ಜೋಥಮ್ ಊರು ಕಾಯಲು ಹೋದರು. ಊರಿನವರು ಏಸಾನ ಕೈಗೆ ಬಂದೂಕು ಕೊಟ್ಟರು, ಜೋಥಮ್‌ನ ಕೈಗೆ ಸನಿಕೆ ಕೊಟ್ಟರು. ಅವನು ಹೆಪ್ಪುಗಟ್ಟಿದ ಮಣ್ಣು ಅಗೆದು ಬೀದಿಗೆ ಅಡ್ಡವಾಗಿ ಒಡ್ಡು ಕಟ್ಟಿದ. ಬಿಳಿಯರು ಅದರ ಹಿಂದೆ ಬಂದೂಕು ಹಿಡಿದು ಕೂತರು.

ಬಂದೂಕಿನ ಮದ್ದು ಸಾಲದೆಂದು ಸುದ್ದಿ ಬಂತು. ದಕ್ಷಿಣಕ್ಕೆ ಒಬ್ಬ ರೈತನ ಮನೆಯಲ್ಲಿ ಒಂದಷ್ಟು ಅಡಗಿಸಿಟ್ಟಿದ್ದರು, ಆದರೆ ಗಂಡಸು ಹೋದರೆ ಮಿಸೌರಿಯ ಪಹರೆಯವರು ಬಿಡುವುದಿಲ್ಲ. ಲವೀನಾ ಎರಡು ಒಳಲಂಗ ತೆಗೆದು ಸುತ್ತಲೂ ಚೀಲ ಹೊಲಿಯಲು ಕೂತಳು. ಮಗಳು ಅಲ್ಮೈರಾ ಸೂಜಿಗೆ ದಾರ ಪೋಣಿಸಿ ಕೊಟ್ಟಳು.

“ಎರಡು ಯಾಕೆ?” ಕೇಳಿದಳು ಕೆಜಾಯಾ.

“ನಿನ್ನ ಸೊಸೆ ಒಬ್ಬಳೇ ಎತ್ತು ಹೊಡೀತಾಳಾ ಅಜ್ಜಿ?” ಎಂದಳು ಡಾರ್ಕಸ್. “ಎಡದ್ದು ನನ್ನ ದನಿಗೆ ಬಿಟ್ಟು ಬೇರೆಯೋರ ದನಿಗೆ ಏಳಲ್ಲ.”

ಮದ್ದು ತುಂಬಿಸಿಕೊಂಡು ವಾಪಸು ಬರುವಾಗ ಗಾಡಿಯಲ್ಲಿ ಡಾರ್ಕಸ್ ಹೇಳಿದಳು. “ಲವೀನಾ, ಯಾರಾದ್ರೂ ತಡೆದ್ರೆ ನನ್ನನ್ನ ನಿನ್ನವಳು ಅನ್ನು.”

“ನನ್ನವಳು ಅಂದ್ರೆ?”

“ಕೊಂಡವಳು ಅನ್ನು. ಸ್ವತಂತ್ರಳು ಅಂದ್ರೆ ನನ್ನನ್ನ ಇಲ್ಲೇ ಇಳಿಸ್ಕೊಂಡು ನದಿ ದಾಟಿಸಿ ಮಾರ್ತಾರೆ. ನಿನ್ನ ಸೊತ್ತು ಅಂದ್ರೆ ಮುಟ್ಟಲ್ಲ. ಇನ್ನೊಬ್ಬರ ಸೊತ್ತಿನ ಮೇಲೆ ಅವರಿಗೆ ಭಾರಿ ಗೌರವ.”

ಹಳ್ಳದ ದಾಟಿನಲ್ಲಿ ಇಬ್ಬರು ಕುದುರೆ ಅಡ್ಡ ನಿಲ್ಲಿಸಿದರು. ಒಬ್ಬ ಗಡ್ಡದವನು ಬಾಗಿ ಡಾರ್ಕಸ್‌ಳ ಮುಖ ನೋಡಿದ.

“ಇವಳು ಯಾರಮ್ಮ?”

“ನನ್ನವಳು,” ಎಂದಳು ಲವೀನಾ. “ನನ್ನ ಮದುವೇಲಿ ನಮ್ಮಪ್ಪ ಕೊಟ್ಟಿದ್ದು.”

“ಕೆಲಸ ಚೆನ್ನಾಗಿ ಮಾಡ್ತಾಳಾ?”

“ಮಾಡ್ತಾಳೆ. ಬಾಯಿ ಜಾಸ್ತಿ.”

ಅವರು ನಕ್ಕರು. ಗಡ್ಡದವನು ಟೋಪಿ ಎತ್ತಿದ. ಹಾದಿಯಲ್ಲಿ ಈ ಗುಲಾಮಗಿರಿ ಬೇಡ ಅನ್ನುವ ಕಳ್ಳರು ಇರ್ತಾರೆ, ಹುಷಾರು ತಾಯಿ ಎಂದು ದಾರಿ ಬಿಟ್ಟ.

ಬಹಳ ದೂರ ಬಂದ ಮೇಲೆ ಲವೀನಾ ಬಿಗಿಹಿಡಿದಿದ್ದ ಗಾಡಿಯ ಅಂಚನ್ನು ಬಿಟ್ಟಳು. “ಎಷ್ಟು ಸಲೀಸಾಗಿ ಬಂತು ನೋಡು ಬಾಯಿಗೆ,” ಎಂದಳು.

“ಬಂತು,” ಎಂದಳು ಡಾರ್ಕಸ್, ಮತ್ತು ಎತ್ತಿಗೆ ಚಾವಟಿ ತೋರಿಸಿದಳು.

*

ಡಿಸೆಂಬರ್ ಎರಡನೆಯ ವಾರ ದೊಡ್ಡವರು ದೊಡ್ಡವರು ಕೂತು ರಾಜಿ ಮಾಡಿಕೊಂಡರು. ಮೇಲೆ ಹಿಮದ ಬಿರುಗಾಳಿಯೂ ಬಂದು ಮಿಸೌರಿಯವರು ಹೊರಟುಹೋದರು. ಏಸಾ ಕಾಲ್ಬೆರಳು ಮರಗಟ್ಟಿಸಿಕೊಂಡು, ಆದರೆ ಅರಸನ ಹಾಗೆ ಮನೆಗೆ ಬಂದ. ಜೋಥಮ್‌ನ ಅಂಗೈಯ ಚರ್ಮ ಸುಲಿದಿತ್ತು. ಕೆಜಾಯಾ ಹಂದಿಯ ಕೊಬ್ಬು ಕಾಯಿಸಿ ಇಬ್ಬರಿಗೂ ಹಚ್ಚಿದಳು. ಆ ರಾತ್ರಿಯ ಊಟಕ್ಕೆ ಉಪ್ಪುಹಂದಿಯೂ ಬೀನ್ಸೂ ಬೆಂದವು, ಅಳೆದು ಬಡಿಸಲಿಲ್ಲ.

ಎರಡು ದಿನ ಬಿಟ್ಟು ಡಾರ್ಕಸ್ ಹಾಲು ಕರೆದು ಒಳಗೆ ಬಂದಾಗ ಅಲ್ಮೈರಾ ಮೇಜಿನ ಮೇಲೆ ಚೀಟಿ ಬರೆಯುತ್ತ ಕೂತಿದ್ದಳು. ಇಡೀ ಸೀಮೆಗೆ ಅವಳ ಕೈಬರಹವೇ ಚೆಂದ. ಹೆಜ್ಜೆ ಸದ್ದಿಗೆ ಅವಳು ಒಂದು ಕಟ್ಟಿನ ಮೇಲೆ ಮೊಣಕೈ ಇಟ್ಟಳು.

“ಏನೇ ಅದು, ಪ್ರೇಮಪತ್ರವಾ?”

“ಚುನಾವಣೆ ಚೀಟಿ, ಡಾರ್ಕಸ್ ಚಿಕ್ಕಮ್ಮ.”

“ಅದಕ್ಕೆ ಇಷ್ಟು ಮುಚ್ಚಿಡಬೇಕಾ? ತೆಗಿ ಕೈ.”

ಡಾರ್ಕಸ್‌ಗೆ ಓದು ಬರುತ್ತಿತ್ತು. ಇಂಡಿಯಾನಾದ ಶಾಲೆಯಲ್ಲಿ ಏಸಾ ಕಲಿತ ಬೆಂಚಿನ ಹಿಂದಿನ ಬೆಂಚಿನಲ್ಲೇ ಕಲಿತಿದ್ದಳು. ಮೊದಲ ಕಟ್ಟಿನಲ್ಲಿ ಸಂವಿಧಾನ ಬೇಕು, ಬೇಡ ಎಂದಿತ್ತು. ಎರಡನೆಯದರಲ್ಲಿ: ಕರಿಯರನ್ನು ರಾಜ್ಯದಿಂದ ಹೊರಗಿಡಬೇಕು, ಹೌದು. ಅದರ ಕೆಳಗೆ ತೆಳ್ಳಗಿನ ಇನ್ನೊಂದು ಕಟ್ಟು: ಅಲ್ಲ.

“ನೀನು ಬರೋಕೆ ಮುಂಚೆ ಮುಗಿಸು ಅಂದಿದ್ರು ಅಪ್ಪ,” ಎಂದಳು ಅಲ್ಮೈರಾ. ಅವಳ ಕಣ್ಣು ತುಂಬಿತ್ತು.

“ಅಳಬೇಡ, ಶಾಯಿ ಹರಡತ್ತೆ. ಈ ‘ಅಲ್ಲ’ ಅನ್ನೋದು ಯಾಕೆ ಇಷ್ಟೇ ಬರೆದಿದ್ದೀಯ?”

“ಅಷ್ಟು ಸಾಕು ಅಂದ್ರು.”

ಡಾರ್ಕಸ್ ಹಾಲಿನ ಪಾತ್ರೆ ಕೆಳಗಿಟ್ಟಳು. “ಅದನ್ನೂ ಇದರಷ್ಟೇ ಬರಿ. ಕಾಗದ ಸಾಲದೆ ಮನಸ್ಸು ಬದಲಾಯಿಸಿದೆ ಅಂತ ಯಾರೂ ಹೇಳಬಾರದು.”

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಅವಳು ಬಡಿಸಲಿಲ್ಲ. ಪಾತ್ರೆಯನ್ನು ನಡುವೆ ಇಟ್ಟು ತನ್ನ ಜಾಗದಲ್ಲಿ ಕೂತಳು.

“ಏಸಾ, ಎರಡನೇ ಚೀಟಿ ಯಾವುದು?”

ಏಸಾ ಮಗಳ ಕಡೆ ನೋಡಿದ. ಅವಳು ತಟ್ಟೆ ನೋಡುತ್ತಿದ್ದಳು.

“ಅದು ನಿನ್ನ ಬಗ್ಗೆ ಅಲ್ಲ ಡಾರ್ಕಸ್.”

“ನಮ್ಮ ಈ ಹಳ್ಳದ ಸೀಮೇಲಿ ಇನ್ನೆಷ್ಟು ಜನ ಕರಿಯರಿದ್ದಾರೆ?”

“ನಾನೊಬ್ಬ ಇದ್ದೀನಲ್ಲವ್ವ,” ಎಂದ ಜೋಥಮ್. “ಮರೆತ್ಯಾ?”

“ಕೇಳಿಲ್ಲಿ,” ಎಂದ ಏಸಾ. “ಮಿಸೌರಿಯೋರು ನಮ್ಮನ್ನ ಕರಿಯರ ಕಾಲು ಒತ್ತೋರು ಅಂತ ಊರೂರಲ್ಲಿ ಸಾರ್ತಿದ್ದಾರೆ. ನಮ್ಮ ಕಡೆಯೋರಲ್ಲೇ ಅರ್ಧಕ್ಕರ್ಧ ಜನ, ಗುಲಾಮರು ಬಂದ್ರೆ ತಮ್ಮ ಕೂಲಿ ಬಿದ್ದೋಗತ್ತೆ ಅಂತಲೇ ಗುಲಾಮಗಿರಿ ಬೇಡ ಅನ್ನೋರು. ಅವರಿಗೆ ಇದೊಂದು ಬೇಕು. ಇದನ್ನ ಕೊಟ್ರೆ ಅದಕ್ಕೆ ಕೈ ಎತ್ತುತ್ತಾರೆ. ಕೊಡದಿದ್ರೆ ಎರಡೂ ಬಿದ್ದೋಗತ್ತೆ. ಆಗ ಗುಲಾಮರ ಸಂತೆ ಈ ಹುಲ್ಲುಗಾವಲಲ್ಲೇ ನಡೆಯತ್ತೆ. ನಿಂಗೆ ಅದು ಬೇಕಾ?”

“ಅಂದ್ರೆ,” ಎಂದಳು ಡಾರ್ಕಸ್, “ನಮ್ಮನ್ನ ಕಟ್ಟಿ ಎಳ್ಕೊಂಡೂ ಬರಬಾರದು, ನಾವಾಗಿ ನಡ್ಕೊಂಡೂ ಬರಬಾರದು.”

“ಬರೀ ಕಾಗದ ಅದು. ಯಾರೂ ಜಾರಿ ಮಾಡಲ್ಲ.”

“ಇಂಡಿಯಾನಾದಲ್ಲೂ ಬರೀ ಕಾಗದವೇ. ಆ ಕಾಗದದ ದೆಸೆಯಿಂದಲೇ ನನ್ನ ಎತ್ತು ನಿನ್ನ ಗಾಡಿಗೆ ಬಂದಿದ್ದು.”

ಕೆಜಾಯಾ ಚಮಚ ಕೆಳಗಿಟ್ಟಳು. “ಮಾರ್ಚ್‌ನಿಂದ ಒಂದೇ ಹಾಡು ಹಾಡ್ತಿದ್ದೀಯಲ್ಲೋ, ಇಲ್ಲಿರೋನನ್ನ ಕೇಳದೆ ಬರೆದ್ರು ಅಂತ. ಇವಳು ಎಲ್ಲಿದ್ದಾಳೆ, ಚಂದ್ರನ ಮೇಲಾ?”

“ಅಮ್ಮ, ನಿಂಗೆ ರಾಜಕೀಯ ಗೊತ್ತಾಗಲ್ಲ.”

“ನಿಂಗೆ ಗೊತ್ತಾಗಿದ್ದು ನೋಡ್ತಿದ್ದೀನಲ್ಲ. ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ ಮರದ ಬೊಡ್ಡೆಯೋ.”

“ಊಟದ ಹೊತ್ತಲ್ಲಿ ಬೇಡ,” ಎಂದಳು ಲವೀನಾ, ಯಾರ ಮುಖವನ್ನೂ ನೋಡದೆ. “ಯಾವತ್ತಾದ್ರೂ ಒಂದು ದಿನ ನೆಮ್ಮದಿಯಾಗಿ ತಿನ್ನೋಣ.”

ಡಾರ್ಕಸ್ ಅವಳ ಕಡೆ ತಿರುಗಿದಳು. ಅಂದು ಗಾಡಿಯ ಅಂಚನ್ನು ಬಿಗಿಹಿಡಿದಿದ್ದ ಕೈಗಳು ಈಗ ಸಲೀಸಾಗಿ ರೊಟ್ಟಿ ಮುರಿಯುತ್ತಿದ್ದವು.

*

“ಹೋಗೋಣ ನಡಿಯವ್ವ,” ಎಂದ ಜೋಥಮ್. ತಾಯಿ ಮಗ ಹಳ್ಳದಾಚೆ ಚಾವಣಿಗೆ ಹಲಗೆ ಸೀಳುತ್ತಿದ್ದರು. “ಕೆನಡಾಕ್ಕೆ ಹೋಗೋಣ. ಅವಳೂ ಒಹಾಯೊದಿಂದ ಅಲ್ಲಿಗೇ ಬರ್ತಾಳೆ. ಅಲ್ಲಿ ಯಾರೂ ಚೀಟಿ ಹಾಕಿ ನಮ್ಮನ್ನ ಅಳೆಯಲ್ಲ.”

“ಅಲ್ಲೂ ಮಾರ್ಚ್ ತಿಂಗಳು ಬರತ್ತೆ.”

“ಅಂದ್ರೆ?”

“ಅಂದ್ರೆ ಇಂಡಿಯಾನಾದಿಂದ ಎದ್ದೆ. ಇಲ್ಲಿಂದ ಏಳು ಅಂತಾರೆ. ಏಳೋದೇ ನನ್ನ ಕಸುಬು ಅಂತ ಅವರಿಗೆ ಅಭ್ಯಾಸ ಆಗಿಹೋಗತ್ತೆ. ನಂಗೂ ಆಗಿಹೋಗತ್ತೆ.” ಅವಳು ಬೆಣೆಯ ಮೇಲೆ ಸುತ್ತಿಗೆ ಬಿಟ್ಟಳು. ಹಲಗೆ ಚಟ್ಟನೆ ಬಿಚ್ಚಿಕೊಂಡಿತು. “ನೀನು ಹೋಗು. ಹೆಣ್ಣು ಕಾಯ್ತಿದ್ದಾಳೆ, ತಪ್ಪಿಲ್ಲ. ಚಾವಣಿ ಒಂದು ಮುಗಿಸಿ ಹೋಗು.”

“ಓಡಿಸೋ ಮನೆಗೆ ಚಾವಣಿ ಯಾಕೆ?”

“ಓಡಿಸೋಕೆ ಬರೋರಿಗೆ ಮನೆ ಅಂತ ಗೊತ್ತಾಗಬೇಕಲ್ಲ.”

ಜೋಥಮ್ ಸಿಟ್ಟಿನಿಂದ ಹಲಗೆ ಹೊತ್ತು ಏಣಿ ಹತ್ತಿದ. ಆ ದಿನ ಬಡಿದ ಮೊಳೆಗಳು ಒಂದೂ ಸೊಟ್ಟಾಗಲಿಲ್ಲ.

*

ಮತದಾನದ ಹಿಂದಿನ ದಿನ ಲವೀನಾ ಡಾರ್ಕಸ್‌ಳನ್ನು ಹಿತ್ತಲಿಗೆ ಕರೆದಳು. ಸೌದೆ ಆರಿಸುವ ನೆಪದಲ್ಲಿ ನಿಂತು ಹೇಳಿದಳು.

“ನಾಳೆ ಅಡುಗೆ ಬೆಳಿಗ್ಗೇನೇ ಮಾಡಿಟ್ಬಿಡು. ಆಮೇಲೆ ನೀನೂ ಜೋಥಮ್ಮೂ ಹಳ್ಳದಾಚೆ ಇರಿ. ಜನ ಹೋದ ಮೇಲೆ ಬನ್ನಿ. ಒಂದು ದಿನ.”

“ಏಸಾ ಹೇಳಿದ್ನಾ?”

“ಟಟಲ್ ಹೇಳಿದ್ರಂತೆ ಇವರಿಗೆ.”

ಟಟಲ್ ಪಡುವಣದ ಜಮೀನಿನವನು. ಸುತ್ತಲಿನ ಒಕ್ಕಲುಗಳು ಒಬ್ಬರ ಜಾಗಕ್ಕೆ ಒಬ್ಬರು ನುಗ್ಗದಂತೆ ಕಟ್ಟಿಕೊಂಡ ಸಂಘಕ್ಕೆ ಅವನೇ ಅಧ್ಯಕ್ಷ. ನಾಳಿನ ಪೆಟ್ಟಿಗೆಗೂ ಅವನೇ ಯಜಮಾನ.

“ಟಟಲ್ ಏಸಾನಿಗೆ, ಏಸಾ ನಿನಗೆ, ನೀನು ನನಗೆ,” ಎಂದಳು ಡಾರ್ಕಸ್. “ನಾನು ಯಾರಿಗೆ ಹೇಳಲಿ, ಕೋಳಿಗಳಿಗಾ? ಅಡುಗೆ ಮಾಡ್ತೀನಿ ಲವೀನಾ. ಮಾಡಿದ ಕೈಯೇ ಬಡಿಸತ್ತೆ.”

ಶನಿವಾರ ಬೆಳಿಗ್ಗೆಯಿಂದ ಗಂಡಸರು ಬೂಟಿನ ಹಿಮ ಒದರುತ್ತ ಬಂದರು. ಮೇಜನ್ನು ಕಿಟಕಿಯ ಕಡೆ ಸರಿಸಿ ಎರಡು ಪೆಟ್ಟಿಗೆ ಇಟ್ಟಿದ್ದರು. ಒಂದು ಮೇಣದಬತ್ತಿಯದು, ಇನ್ನೊಂದು ಸಾಬೂನಿನದು. ಮೇಜಿಗೂ ಬಾಗಿಲಿಗೂ ನಡುವೆ ಒಲೆ. ಒಲೆಯ ಮುಂದೆ ಡಾರ್ಕಸ್. ಅವಳನ್ನು ದಾಟದೆ ಯಾರೂ ಪೆಟ್ಟಿಗೆ ಮುಟ್ಟುವಂತಿರಲಿಲ್ಲ, ಅವಳ ಕೈಯಿಂದಲ್ಲದೆ ಯಾರಿಗೂ ತಟ್ಟೆ ತುಂಬುವಂತಿರಲಿಲ್ಲ.

ಟಟಲ್ ಅವಳನ್ನು ನೋಡಿ ಏಸಾನ ಕಡೆ ಹುಬ್ಬೇರಿಸಿದ. ಏಸಾ ಸೌದೆ ತರಲು ಹೊರಗೆ ಹೋದ.

ಮೂಲೆಯಿಂದ ಕೆಜಾಯಾ ಕೂಗಿದಳು. “ಟಟಲ್, ನನ್ನ ಮನೇಲಿ ಪೆಟ್ಟಿಗೆ ಇಟ್ಟಿದ್ದೀಯ, ನಂಗೆ ಚೀಟಿ ಎಲ್ಲಪ್ಪ?”

“ನಿಮ್ಮ ಪರವಾಗಿ ಮಗ ಹಾಕ್ತಾನಲ್ಲ ಅಜ್ಜಿ.”

“ಅದೇ ನನ್ನ ಚಿಂತೆ.”

ನಾಲ್ಕಾರು ಜನ ನಕ್ಕರು. ನಗು ಬೇಗ ಮುಗಿಯಿತು. ಮಾರ್ಚ್‌ನಲ್ಲಿ ಮತ ಕಸಿದುಕೊಂಡರೆಂದು ಕುದಿಯುತ್ತಿದ್ದ ಗಂಡಸರು ಆ ಕೋಣೆ ತುಂಬ ಇದ್ದರು. ಅದೇ ಕೋಣೆಯಲ್ಲಿ ಮತವಿಲ್ಲದವರೂ ಇದ್ದರು: ಮದ್ದು ಹೊತ್ತು ತಂದ ಇಬ್ಬರು, ಆ ಮದ್ದಿಗೆ ಚೀಲ ಹೊಲಿಯಲು ದಾರ ಪೋಣಿಸಿದವಳು, ಗಾಯಕ್ಕೆ ಕೊಬ್ಬು ಹಚ್ಚಿದ ಮುದುಕಿ, ಮತ್ತು ಬಾಗಿಲ ಬಳಿ ಕೈ ಕಟ್ಟಿ ನಿಂತು, ತಾನು ಅಗೆದ ಒಡ್ಡಿನ ಹಿಂದೆ ಜೀವ ಉಳಿಸಿಕೊಂಡವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ ಜೋಥಮ್.

ಕೆಲವರು ಡಾರ್ಕಸ್‌ಳನ್ನು ದಾಟುವಾಗ ಟೋಪಿ ಮುಂದಕ್ಕೆಳೆದುಕೊಂಡರು. ಒಬ್ಬ ಮುದುಕ, ಇಡೀ ಸೀಮೆಯಲ್ಲಿ ಜಿಪುಣನೆಂದು ಹೆಸರಾದವನು, ‘ಅಲ್ಲ’ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಹಾಕಿದ. ಡಾರ್ಕಸ್ ಅವನಿಗೂ ಒಂದೇ ಸೌಟು ಬಡಿಸಿದಳು. ‘ಹೌದು’ ಹಾಕಿದ ಇನ್ನೊಬ್ಬ ತಟ್ಟೆ ಚಾಚಿ, “ಕುಂಬಳಕಾಯಿ ಬಲು ರುಚಿಯಾಗಿದೆ,” ಎಂದ.

“ಇನ್ನೊಂಚೂರು ಹಾಕಲಾ? ಮುಂದಿನ ಸಲ ನಾನು ಇರ್ತೀನೋ ಇಲ್ವೋ, ನೀವೇ ಈಗ ತಾನೆ ತೀರ್ಮಾನ ಮಾಡಿದ್ರಿ.”

ಅವನು ತಟ್ಟೆ ಹಿಂದಕ್ಕೆಳೆದುಕೊಂಡ.

ಕೊನೆಗೆ ಏಸಾ ಬಂದ. ಮೊದಲ ಪೆಟ್ಟಿಗೆಗೆ ಚೀಟಿ ಬೇಗ ಹಾಕಿದ. ಎರಡನೆಯದರ ಮುಂದೆ ನಿಂತ. ಟಟಲ್ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದ. ಅಲ್ಮೈರಾ ಅಜ್ಜಿಯ ಕುರ್ಚಿಯ ಹಿಂದಿನಿಂದ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಅವಳೇ ಬರೆದ ಎರಡು ಕಟ್ಟುಗಳು ಈಗ ಒಂದು ಕುಗ್ಗಿ, ಒಂದು ಹಾಗೇ ಉಳಿದು ಅಕ್ಕಪಕ್ಕ ಕೂತಿದ್ದವು. ಏಸಾ ಕುಗ್ಗಿದ ಕಟ್ಟಿನಿಂದ ಒಂದು ಎತ್ತಿ ಪೆಟ್ಟಿಗೆಗೆ ಹಾಕಿದ.

ತಟ್ಟೆ ಹಿಡಿದು ಬಂದವನಿಗೆ ಡಾರ್ಕಸ್ ಒಂದೇ ಸೌಟು ಬಡಿಸಿದಳು.

“ಡಾರ್ಕಸ್, ನಾನು—”

“ಹಿಂದೆ ಊಟಕ್ಕೆ ಜನ ನಿಂತಿದ್ದಾರೆ ಏಸಾ. ಪಕ್ಕಕ್ಕೆ ಸರಿ.”

ಸಂಜೆ ಎಣಿಸಿದಾಗ ಸಂವಿಧಾನ ಗೆದ್ದಿತ್ತು. ಸಾಬೂನಿನ ಪೆಟ್ಟಿಗೆಯಲ್ಲಿ ‘ಹೌದು’ ರಾಶಿಯೇ ಬಹಳ ಎತ್ತರ. ಗಂಡಸರು ಕೈ ಕುಲುಕಿದರು. ಕತ್ತಲಾಗುವ ಮೊದಲೇ ಡಾರ್ಕಸ್ ಪಾತ್ರೆಗಳನ್ನು ಬೂದಿ ಹಾಕಿ ಬೆಳಗಿ ಬೋರಲಿಟ್ಟಳು. ಇಳಿಮಾಡಿನ ಕೋಣೆಯಿಂದ ಹಾಸಿಗೆ, ಎರಡು ಕೌದಿ, ತನ್ನ ಕಬ್ಬಿಣದ ಪಾತ್ರೆ ತೆಗೆದು ಎತ್ತಿನ ಗಾಡಿಗೆ ಹೇರಿದಳು.

“ಚಾವಣಿ ಪೂರ್ತಿ ಆಗಿಲ್ಲ ಕಣೇ,” ಎಂದಳು ಕೆಜಾಯಾ.

“ಮಲಗೋ ಕಡೆ ಆಗಿದೆ ಅಜ್ಜಿ. ಉಳಿದ ಕಡೆ ನಕ್ಷತ್ರ ಕಾಣತ್ತೆ.”

*

ಮುಂದಿನ ವಾರ ಅವಳು ಕೆಂಡ ಕೇಳಲು ಪಿಕೆಟ್ ಮನೆಗೆ ಬಂದಾಗ ಒಳಗೆ ಜಗಳ ನಡೆದಿತ್ತು. ಬಾಗಿಲ ಹೊರಗೇ ನಿಂತಳು.

“ನೀನೇ ಹೇಳು ಅವಳಿಗೆ,” ಎನ್ನುತ್ತಿದ್ದ ಏಸಾ. “ಹೆಂಗಸರು ಹೆಂಗಸರು ಮಾತಾಡ್ಕೊಂಡ್ರೆ ಸರಿಹೋಗತ್ತೆ. ಟಟಲ್‌ನ ಭಾವಮೈದ ವಸಂತಕ್ಕೆ ಬರ್ತಾನಂತೆ. ಹಳ್ಳದಾಚೆಯದು ಅವನಿಗೆ ಅಂತ ಸಂಘ ತೀರ್ಮಾನ ಮಾಡಿದೆ.”

“ಸಂಘ ಯಾರು ತೀರ್ಮಾನ ಮಾಡೋಕೆ? ನಿಮ್ಮ ಹೆಸರಲ್ಲಿರೋ ಜಮೀನು.”

“ಸಂಘದ ಮಾತು ಮೀರಿದ್ರೆ ನಾಳೆ ನನ್ನ ಜಾಗಕ್ಕೆ ಯಾರಾದ್ರೂ ನುಗ್ಗಿದಾಗ ಒಬ್ಬನೂ ಬರಲ್ಲ ಕಣೆ. ಅವಳು ಇಳಿಮಾಡಿಗೆ ವಾಪಸ್ ಬರಲಿ. ನಮ್ಮ ಜೊತೆ ಇರೋದಕ್ಕೆ ಯಾರ ತಕರಾರೂ ಇಲ್ಲ. ಹೋಗಿ ಹೇಳು.”

ಒಲೆಗೆ ಸೌದೆ ತಳ್ಳಿದ ಸದ್ದಾಯಿತು.

“ಒಂದು ಸಲ ಅವಳನ್ನ ನನ್ನವಳು ಅಂತ ಹೇಳಿದ್ದೀನಿ,” ಎಂದಳು ಲವೀನಾ. “ಎರಡನೇ ಸಲ ನನ್ನ ಬಾಯಲ್ಲಿ ಬರಲ್ಲ. ಮತ ಹಾಕೋಕೆ ನಾನು ಬೇಡವಾಗಿದ್ದೆ, ಅದರ ಫಲ ಹಂಚೋಕೆ ನಾನು ಬೇಕಾ? ನೀವೇ ಹೋಗಿ.”

ಡಾರ್ಕಸ್ ಬಾಗಿಲು ತಟ್ಟಿ ಒಳಗೆ ಹೋದಳು. ಏಸಾ ಕಂಬದ ಹಾಗೆ ನಿಂತಿದ್ದ. ಲವೀನಾ ಕೆಂಡವನ್ನು ಮುಚ್ಚಳದ ಪಾತ್ರೆಗೆ ತುಂಬಿ, ಒಲೆಯ ಪಕ್ಕದಲ್ಲಿದ್ದ ಅರ್ಧ ರೊಟ್ಟಿಯನ್ನೂ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಡಾರ್ಕಸ್ ಕೆಂಡ ತೆಗೆದುಕೊಂಡಳು. ಒಂದು ಕ್ಷಣ ಬಿಟ್ಟು ರೊಟ್ಟಿಯನ್ನೂ ತೆಗೆದುಕೊಂಡಳು.

ಮಾರನೆಯ ಬೆಳಿಗ್ಗೆ ಏಸಾ ಮತ್ತು ಟಟಲ್ ಹಳ್ಳ ದಾಟಿ ಬಂದರು. ಜೋಥಮ್ ಚಾವಣಿಯ ಮೇಲಿದ್ದ. ಕೆನಡಾಕ್ಕೆ ಹೊರಡುವ ಮಾತು ಅವನ ಬಾಯಲ್ಲಿ ಇನ್ನೂ ಇತ್ತು, ಸುತ್ತಿಗೆಯೂ ಕೈಯಲ್ಲಿತ್ತು. ಟಟಲ್ ಬಾಗಿಲು ತಳ್ಳಿ ಹೊಸ್ತಿಲ ಮೇಲೆ ನಿಂತ. ಡಾರ್ಕಸ್ ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತು ಜೋಳದ ಕಾಳು ಬಿಡಿಸುತ್ತಿದ್ದಳು. ಏಳಲಿಲ್ಲ.

“ನಾವು ಯಾರನ್ನೂ ಓಡಿಸೋಕೆ ಬಂದಿಲ್ಲಮ್ಮ,” ಎಂದ ಟಟಲ್. “ನಾವು ಮಿಸೌರಿಯೋರಲ್ಲ. ಗುಲಾಮಗಿರಿ ಅಂದ್ರೆ ನಂಗೆ ಮೈ ಉರಿಯತ್ತೆ. ಆ ಮುತ್ತಿಗೆ ದಿನ ನಾನೂ ಊರಲ್ಲಿ ಬಂದೂಕು ಹಿಡಿದು ಕೂತಿದ್ದೆ.”

“ನನ್ನ ಮಗ ಕಟ್ಟಿದ ಒಡ್ಡಿನ ಹಿಂದೆ ತಾನೆ?”

ಟಟಲ್ ಆ ಮಾತು ಕೇಳಿಸದವನ ಹಾಗೆ ಮುಂದುವರಿಸಿದ. “ಈ ಜಾಗ ಬಿಟ್ಟುಕೊಡಬೇಕು. ಹಲಗೆ, ಮೊಳೆ ಎಲ್ಲ ನೀವೇ ಬಿಚ್ಕೊಂಡು ಹೋಗಬಹುದು. ಪಿಕೆಟ್ ಮನೇಲಿ ಇರು. ಪಿಕೆಟ್ ಮನೆಯೋರ ಹೆಂಗಸು ಅಂದ್ರೆ ಸಂಘದಲ್ಲಿ ಒಬ್ಬನೂ ಉಸಿರೆತ್ತಲ್ಲ.”

“ನಮ್ಮವಳಾಗಿ ಇರು ಡಾರ್ಕಸ್,” ಎಂದ ಏಸಾ. ಅವನ ದನಿಯಲ್ಲಿ ಬೇಡಿಕೆಯಿತ್ತು. “ಮೊದಲು ಹೇಗಿದ್ವೋ ಹಾಗೇ. ಅದೇ ಮೇಜು, ಅದೇ ಊಟ.”

“ಆ ಮಾತು ಲವೀನಾ ಒಂದು ದಿನ ಹೇಳಿದ್ಲು. ನಾನೇ ಹೇಳಿಸಿದ್ದು. ಎದುರಿಗೆ ಬಂದೂಕು ಇತ್ತು.” ಡಾರ್ಕಸ್ ಏಸಾನ ಬರಿಗೈಗಳನ್ನು ನೋಡಿದಳು. “ನಿನ್ನ ಕೈಲಿ ಏನೂ ಕಾಣ್ತಿಲ್ವಲ್ಲ. ಆ ಕೈಯನ್ನ ನಿನ್ನಮ್ಮನ ಜಗಲೀಲಿ ನನ್ನ ಕೈಯೊಳಗೆ ಇಟ್ಟು ಇಪ್ಪತ್ತು ಎಕರೆ ಅಂದಿದ್ದೆ. ನಿನ್ನ ನೆಲವನ್ನ ನನ್ನ ಎತ್ತು ಸೀಳಿವೆ. ನಾನು ಯಾರ ಮನೆಯೋಳೂ ಅಲ್ಲ. ಇದು ನನ್ನ ಮನೆ.”

“ನೋಡು, ಕಾನೂನು ಆಗಿದೆ,” ಎಂದ ಟಟಲ್. “ಜನ ಮತ ಹಾಕಿದ್ದಾರೆ.”

“ಮಿಸೌರಿಯೋರೂ ಮತ ಹಾಕಿ ಕಾನೂನು ಮಾಡಿದ್ರು. ಅದನ್ನ ನೀವು ಪಾಲಿಸಿದ್ರಾ?”

ಟಟಲ್‌ನ ಮುಖ ಕೆಂಪಾಯಿತು. ಚಾವಣಿಯ ಮೇಲೆ ಸುತ್ತಿಗೆ ಒಂದೇ ಸಮನೆ ಬೀಳುತ್ತಿತ್ತು. ಪ್ರತಿ ಏಟಿಗೂ ಜಂತಿಯಿಂದ ಹಿಮದ ಪುಡಿ ಅವನ ಟೋಪಿಯ ಮೇಲೆ ಉದುರುತ್ತಿತ್ತು. “ಏ, ಇಳಿಯೋ ಕೆಳಗೆ,” ಎಂದು ಮೇಲೆ ನೋಡಿ ಕೂಗಿದ. ಸುತ್ತಿಗೆ ನಿಲ್ಲಲಿಲ್ಲ. ಅವನು ಡಾರ್ಕಸ್ ಕಡೆ ತಿರುಗಿದ. “ಎದ್ದು ಹೊರಗೆ ಬಾ. ಮಿಕ್ಕಿದ್ದು ಹೊರಗೆ ಮಾತಾಡೋಣ.”

ಡಾರ್ಕಸ್ ಇನ್ನೊಂದು ಜೋಳದ ತೆನೆ ಕೈಗೆತ್ತಿಕೊಂಡಳು.

“ನಾನು ಏಳಲ್ಲ,” ಎಂದಳು. “ಬಾಗಿಲು ಹಾಕ್ಕೊಂಡು ಹೋಗಿ, ಚಳಿ ಒಳಗೆ ಬರ್ತಿದೆ.”